ಕಾನೂನು ಇಟ್ಟ ಹೆಸರು: ಅಮೆರಿಕದ ‘ಏಲಿಯನ್’ ಪದವನ್ನು ಕುರಿತು

ಈ ಸಭೆಯಲ್ಲಿ ಕುಳಿತಿರುವ ಹಿರಿಯರಲ್ಲಿ ಹಲವರ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿನ ಪೌರತ್ವ ಪಡೆದ ಮಕ್ಕಳು ತಂದೆತಾಯಿಯರನ್ನು ಶಾಶ್ವತವಾಗಿ ತಮ್ಮ ಬಳಿಗೆ ಕರೆಸಿಕೊಳ್ಳಬೇಕಾದರೆ ಮೊದಲು ಐ-130 ಎಂಬ ಅರ್ಜಿಯನ್ನು ಸಲ್ಲಿಸಬೇಕು. ಆ ಅರ್ಜಿಯ ತಲೆಬರಹ ‘ಪಿಟಿಷನ್ ಫಾರ್ ಏಲಿಯನ್ ರಿಲೇಟಿವ್’, ಎಂದರೆ ಹೊರಗಿನವರಾದ ಸಂಬಂಧಿಗಾಗಿ ಸಲ್ಲಿಸುವ ಅರ್ಜಿ. ಹೆತ್ತ ತಾಯಿಯನ್ನು ಕರೆಸಿಕೊಳ್ಳುವ ಮಗ ಆಕೆಯನ್ನು ‘ಏಲಿಯನ್’ ಸಂಬಂಧಿಯೆಂದು ನಮೂದಿಸಿ ಸಹಿ ಹಾಕುತ್ತಾನೆ. ಎಚ್-1ಬಿ ವೀಸಾದಲ್ಲಿ ದುಡಿಯುವ ಎಂಜಿನಿಯರಿಗೆ ಗ್ರೀನ್ ಕಾರ್ಡ್ ಕೊಡಿಸಲು ಕಂಪನಿ ಸಲ್ಲಿಸುವ ಐ-140 ಅರ್ಜಿಯ ಹೆಸರಿನಲ್ಲಿಯೂ ‘ಏಲಿಯನ್ ವರ್ಕರ್ಸ್’ ಎಂದಿದೆ. ತೆರಿಗೆ ಇಲಾಖೆ ಅದೇ ಎಂಜಿನಿಯರನ್ನು ಮೊದಲು ‘ನಾನ್ ರೆಸಿಡೆಂಟ್ ಏಲಿಯನ್’ ಎಂದೂ ಆಮೇಲೆ ‘ರೆಸಿಡೆಂಟ್ ಏಲಿಯನ್’ ಎಂದೂ ವರ್ಗೀಕರಿಸುತ್ತದೆ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವರೆಲ್ಲರೂ ಬಾಯಿಪಾಠ ಮಾಡಿಕೊಂಡಿರುವ ‘ಎ-ನಂಬರ್’ ಎಂಬ ಗುರುತಿನ ಸಂಖ್ಯೆಯಲ್ಲಿರುವ ‘ಎ’ ಕೂಡ ಈ ಪದದ ಮೊದಲ ಅಕ್ಷರವೇ ಆಗಿದೆ.

ಸರ್ಕಾರ ತನ್ನ ಕಾಗದಗಳಲ್ಲಿ ಬಳಸುವ ಇಂಥ ಪದದಿಂದ ಮನುಷ್ಯರ ಮನಸ್ಸಿಗೆ ನೋವಾಗಬಹುದೇ, ಆಗುವುದಾದರೆ ಆ ನೋವಿಗೆ ಬೆಲೆ ಕೊಡಬೇಕೇ ಎಂಬುದು ಅಮೆರಿಕದಲ್ಲಿ ದೀರ್ಘಕಾಲದಿಂದ ನಡೆಯುತ್ತಿರುವ ವಾದ. ಇದು ಕೇವಲ ತಾಂತ್ರಿಕ ಪದ, ಪೌರನಲ್ಲದವನು ಎಂಬುದಕ್ಕಿಂತ ಹೆಚ್ಚೇನನ್ನೂ ಇದು ಹೇಳುವುದಿಲ್ಲ, ನೋಯುವವರು ಅನಗತ್ಯವಾಗಿ ನೋಯುತ್ತಿದ್ದಾರೆ ಎಂದು ಒಂದು ಪಕ್ಷ ಹೇಳುತ್ತದೆ. ಈ ಪದ ಮನುಷ್ಯನನ್ನು ಬೇರೊಂದು ಗ್ರಹದಿಂದ ಬಂದ ಪ್ರಾಣಿಯಂತೆ ತೋರಿಸುತ್ತದೆ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡೂ ಪಕ್ಷಗಳು ವಾದವನ್ನು ನಿಘಂಟಿನ ಅರ್ಥಕ್ಕೆ ಸೀಮಿತಗೊಳಿಸಿವೆ ಎಂಬುದು ನನ್ನ ಅಭಿಪ್ರಾಯ. ಈ ಪದದಲ್ಲಿರುವ ಗಾಯವು ಅದನ್ನು ಮುಂದಿಟ್ಟುಕೊಂಡು ಕಾನೂನು ಇನ್ನೂರು ವರ್ಷಗಳ ಕಾಲ ಮಾಡಿದ ಕೆಲಸಗಳಿಂದ ಉಂಟಾದದ್ದು. ನಿರ್ಲಿಪ್ತವಾಗಿ ಕಾಣುತ್ತಿದ್ದುದರಿಂದಲೇ ಆ ಕೆಲಸಗಳಿಗೆ ಅದು ಅಷ್ಟು ಅನುಕೂಲವಾಗಿ ಒದಗಿತು.

ಮೊದಲ ಪಕ್ಷದ ಮಾತಿನಲ್ಲಿ ಸತ್ಯಾಂಶವಿದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯೋಣ. 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯ ವ್ಯಾಖ್ಯೆಯ ಪ್ರಕಾರ ಏಲಿಯನ್ ಎಂದರೆ ಅಮೆರಿಕದ ಪೌರನೂ ಅಲ್ಲದ, ‘ನ್ಯಾಷನಲ್’ (ಪೌರತ್ವವಿಲ್ಲದೆಯೂ ಆ ದೇಶಕ್ಕೆ ನಿಷ್ಠೆಯುಳ್ಳವನು) ಕೂಡ ಅಲ್ಲದ ವ್ಯಕ್ತಿ. ಇದರಲ್ಲಿ ನಿಂದೆಯೇನೂ ಕಾಣುವುದಿಲ್ಲ. ಇಂಗ್ಲಿಷ್ ನ್ಯಾಯಾಲಯಗಳು ಈ ಪದವನ್ನು ಅಮೆರಿಕ ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನಿಂದ ಬಳಸುತ್ತಿದ್ದವು. ಬ್ರಿಟನ್ನಿನ 1981ರ ರಾಷ್ಟ್ರೀಯತೆ ಕಾಯಿದೆಯಲ್ಲಿಯೂ ಈ ಪದವಿದೆ, ಆದರೆ ಅಲ್ಲಿ ಕಾಮನ್‌ವೆಲ್ತ್ ದೇಶಗಳ ಪೌರರಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಲಂಡನ್ನಿನಲ್ಲಿರುವ ನಮ್ಮ ಹುಡುಗಿ ಏಲಿಯನ್ ಅಲ್ಲ, ನ್ಯೂಜೆರ್ಸಿಯಲ್ಲಿರುವ ಆಕೆಯ ತಮ್ಮ ಏಲಿಯನ್. ಯಾರು ಹೊರಗಿನವರು ಎಂಬುದನ್ನು ಆಯಾ ದೇಶ ತನ್ನ ಇತಿಹಾಸಕ್ಕೂ ಅನುಕೂಲಕ್ಕೂ ತಕ್ಕಂತೆ ನಿಶ್ಚಯಿಸುತ್ತದೆ.

ಅಮೆರಿಕದ ನಿಶ್ಚಯ ಆರಂಭವಾದದ್ದು 1790ರಲ್ಲಿ. ಆ ವರ್ಷದ ಪೌರತ್ವ ಕಾಯಿದೆಯು ‘ಸ್ವತಂತ್ರ ಬಿಳಿಯ ವ್ಯಕ್ತಿ’ಯಾಗಿರುವ ಏಲಿಯನ್ ಮಾತ್ರ ಪೌರನಾಗಬಹುದು ಎಂದು ಹೇಳಿತು. 1870ರಲ್ಲಿ ಆಫ್ರಿಕಾ ಮೂಲದವರಿಗೂ ಅವಕಾಶ ಸಿಕ್ಕಿತು. ಏಷ್ಯಾದವರು ಎರಡೂ ಗುಂಪುಗಳಿಗೆ ಸೇರದೆ ಹೊರಗೆ ಉಳಿದರು. 1882ರಲ್ಲಿ ಚೀನೀಯರನ್ನು ತಡೆಯುವಾಗ ಸಂಸತ್ತು ಅವರ ಹೆಸರನ್ನು ಕಾಯಿದೆಯಲ್ಲಿಯೇ ಬರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಜಪಾನೀ ರೈತರ ಕೈಗೆ ಭೂಮಿ ಹೋಗದಂತೆ ತಡೆಯಬೇಕೆನಿಸಿದಾಗ ಜಪಾನ್ ಬಲಿಷ್ಠ ರಾಷ್ಟ್ರವಾಗಿತ್ತು, ಅದರ ಹೆಸರನ್ನು ಕಾನೂನಿನಲ್ಲಿ ಬರೆಯುವುದು ರಾಜತಾಂತ್ರಿಕ ತೊಂದರೆಗೆ ಆಹ್ವಾನವಾಗುತ್ತಿತ್ತು. ಆದ್ದರಿಂದ 1913ರ ಭೂ ಕಾಯಿದೆಯು ‘ಪೌರತ್ವಕ್ಕೆ ಅನರ್ಹರಾದ ಏಲಿಯನ್ನರು’ ಕೃಷಿಭೂಮಿಯ ಒಡೆತನ ಹೊಂದುವಂತಿಲ್ಲ ಎಂದು ವಿಧಿಸಿತು. ಆ ಸಾಲಿನಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ, ಅದು ಯಾರನ್ನು ಕುರಿತದ್ದು ಎಂಬುದು ಮಾತ್ರ ಎಲ್ಲರಿಗೂ ತಿಳಿದಿತ್ತು. 1924ರಲ್ಲಿ ಇದೇ ನುಡಿಗಟ್ಟನ್ನು ಕೇಂದ್ರ ವಲಸೆ ಕಾಯಿದೆಯೂ ಎತ್ತಿಕೊಂಡು, ಪೌರತ್ವಕ್ಕೆ ಅನರ್ಹರಾದ ಏಲಿಯನ್ನರಿಗೆ ದೇಶದೊಳಗೆ ಪ್ರವೇಶವೇ ಇಲ್ಲ ಎಂದಿತು.

ಈ ನುಡಿಗಟ್ಟಿನ ಭಾರ ಭಾರತೀಯರ ಮೇಲೆಯೂ ಬಿತ್ತು. ಪಂಜಾಬಿನಿಂದ 1913ರಲ್ಲಿ ಅಮೆರಿಕಕ್ಕೆ ಹೋದ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕೊನೆಯ ವರ್ಷ ಅಲ್ಲಿನ ಸೇನೆಗೆ ಸೇರಿದರು. 1918ರ ಡಿಸೆಂಬರಿನಲ್ಲಿ ಸೈನಿಕನ ಸಮವಸ್ತ್ರದಲ್ಲಿಯೇ ಪೌರತ್ವ ಸ್ವೀಕರಿಸಿದರು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 1920ರಲ್ಲಿ ಓರೆಗಾನ್‌ನ ನ್ಯಾಯಾಲಯವೊಂದು ಮತ್ತೆ ಪೌರತ್ವ ನೀಡಿದಾಗ ಸರ್ಕಾರ ಅದನ್ನು ಪ್ರಶ್ನಿಸಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಲವೇ ತಿಂಗಳ ಹಿಂದೆ, 1922ರ ನವೆಂಬರಿನಲ್ಲಿ, ಜಪಾನಿನ ತಕಾವೊ ಒಜಾವಾ ಅವರ ಅರ್ಜಿಯನ್ನು ತಳ್ಳಿಹಾಕುತ್ತಾ ಅದೇ ನ್ಯಾಯಾಲಯ ‘ಬಿಳಿಯ’ ಎಂದರೆ ಕಕೇಸಿಯನ್ ಎಂಬ ಜನಾಂಗಕ್ಕೆ ಸೇರಿದವನು ಎಂದು ಹೇಳಿತ್ತು. ಆ ಕಾಲದ ಜನಾಂಗಶಾಸ್ತ್ರದ ಪ್ರಕಾರ ತಾನು ಕಕೇಸಿಯನ್ ಎಂದು ಥಿಂಡ್ ವಾದಿಸಿದಾಗ, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಈತ ಬಿಳಿಯನಲ್ಲ ಎಂದು ನ್ಯಾಯಮೂರ್ತಿ ಸದರ್‌ಲ್ಯಾಂಡ್ 1923ರ ಫೆಬ್ರುವರಿ 19ರಂದು ತೀರ್ಪಿತ್ತರು. ಎರಡೂ ತೀರ್ಪುಗಳನ್ನು ಬರೆದವರು ಅವರೇ. ಒಬ್ಬನಿಗೆ ಶಾಸ್ತ್ರದ ಅಳತೆ, ಇನ್ನೊಬ್ಬನಿಗೆ ಜನಸಾಮಾನ್ಯರ ಕಣ್ಣಿನ ಅಳತೆ. ಅಳತೆ ಬದಲಾದರೂ ಇಬ್ಬರೂ ಏಲಿಯನ್ನರಾಗಿಯೇ ಉಳಿದರು.

ತೀರ್ಪಿನ ನಂತರ, ಅದಾಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಂಡಿತು. ಅವರಲ್ಲಿ ವೈಷ್ಣೋದಾಸ್ ಬಗಾಯಿ ಒಬ್ಬರು. ಪೇಶಾವರದವರಾದ ಅವರು 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ವ್ಯಾಪಾರ ಮಾಡಿಕೊಂಡು 1921ರಲ್ಲಿ ಪೌರರಾಗಿದ್ದರು. ಬರ್ಕ್ಲಿಯಲ್ಲಿ ಕೊಂಡ ಮನೆಗೆ ಈ ಕುಟುಂಬ ಸಾಮಾನು ಸಮೇತ ಹೋದಾಗ ಒಳಗೆ ಬಿಡಬಾರದೆಂದು ನೆರೆಯವರು ಆ ಮನೆಗೆ ಬೀಗ ಹಾಕಿದ್ದರು. ಪೌರತ್ವ ಹೋದ ಕೂಡಲೇ ಬಗಾಯಿ ‘ಅನರ್ಹ ಏಲಿಯನ್’ ಆದರು, ಭೂ ಕಾಯಿದೆ ಅವರಿಗೂ ಅನ್ವಯವಾಗಿ ಆಸ್ತಿ ಕೈಬಿಟ್ಟಿತು. ಭಾರತಕ್ಕೆ ಒಮ್ಮೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ ಅಮೆರಿಕ ಕೊಡಲಿಲ್ಲ, ಬ್ರಿಟಿಷ್ ಪ್ರಜೆಯಾಗಿ ಹೋಗು ಎಂಬ ಸಲಹೆ ಬಂತು. ಬ್ರಿಟಿಷರ ಆಳ್ವಿಕೆಯಿಂದ ದೂರವಿರಬೇಕೆಂದೇ ದೇಶ ಬಿಟ್ಟ ಮನುಷ್ಯನಿಗೆ ಕೊಟ್ಟ ಸಲಹೆಯಿದು. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಪತ್ರಿಕೆಗೆಂದು ಬರೆದಿಟ್ಟ ಕಾಗದದಲ್ಲಿ, ಅಮೆರಿಕನ್ನನಾಗಿಸಿಕೊಳ್ಳಲು ತಾನು ಮಾಡಿದ ಪ್ರಯತ್ನವನ್ನೂ ಈಗ ಮುಂದಿನ ದಾರಿಯೂ ಮುಚ್ಚಿ ಹಿಂದಿನ ಸೇತುವೆಯೂ ಸುಟ್ಟುಹೋದ ತನ್ನ ಸ್ಥಿತಿಯನ್ನೂ ಹೇಳಿಕೊಂಡಿದ್ದರು. ಕಲಾ ಬಗಾಯಿ ಧೈರ್ಯದಿಂದ ಮಕ್ಕಳನ್ನು ಬೆಳೆಸಿದರು. ಬರ್ಕ್ಲಿಯ ಒಂದು ಬೀದಿಗೆ ಇಂದು ಅವರ ಹೆಸರಿದೆ. ಥಿಂಡ್ ಅವರಿಗೆ ಪೌರತ್ವ ದೊರೆತದ್ದು 1936ರಲ್ಲಿ, ಮೊದಲ ಮಹಾಯುದ್ಧದ ಯೋಧರಿಗೆಂದು ಹಿಂದಿನ ವರ್ಷ ಮಾಡಿದ ಕಾಯಿದೆಯಿಂದ. ಉಳಿದ ಭಾರತೀಯರು 1946ರವರೆಗೆ ಕಾಯಬೇಕಾಯಿತು. ಪೌರತ್ವಕ್ಕಿದ್ದ ಜನಾಂಗದ ಅಡ್ಡಿ ಪೂರ್ತಿಯಾಗಿ ತೊಲಗಿದ್ದು 1952ರಲ್ಲಿ. ಫ್ಲಾರಿಡಾ ರಾಜ್ಯದ ಸಂವಿಧಾನದಲ್ಲಂತೂ ‘ಪೌರತ್ವಕ್ಕೆ ಅನರ್ಹರಾದ ಏಲಿಯನ್ನರ’ ಭೂ ಒಡೆತನವನ್ನು ಕುರಿತ ಸಾಲು 2018ರಲ್ಲಿ ಮತದಾರರು ತೆಗೆದುಹಾಕುವವರೆಗೂ ಉಳಿದಿತ್ತು.

ಈ ಚರಿತ್ರೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ‘ಇದು ಬರಿಯ ತಾಂತ್ರಿಕ ಪದ’ ಎಂದು ಹೇಳುವವರು ಆ ತಾಂತ್ರಿಕತೆ ಯಾವ ಕೆಲಸಕ್ಕೆ ಬಳಕೆಯಾಯಿತು ಎಂಬುದನ್ನು ಬಿಟ್ಟುಬಿಡುತ್ತಾರೆ. ಜನಾಂಗದ ಹೆಸರು ಹೇಳಲು ಹಿಂಜರಿದ ಶಾಸಕರಿಗೆ, ಯಾವ ಜನಾಂಗವನ್ನೂ ಹೆಸರಿಸದ, ಕೇವಲ ‘ನಮ್ಮವನಲ್ಲ’ ಎಂದಷ್ಟೇ ಹೇಳುವ ಪದ ಬೇಕಾಗಿತ್ತು.

ಇದಕ್ಕಿಂತ ಕಟುವಾದ ಉದಾಹರಣೆ ಎರಡನೆಯ ಮಹಾಯುದ್ಧದ ಕಾಲದ್ದು. 1940ರ ಏಲಿಯನ್ ನೋಂದಣಿ ಕಾಯಿದೆಯು ಹದಿನಾಲ್ಕು ವರ್ಷ ತುಂಬಿದ ಪ್ರತಿಯೊಬ್ಬ ಏಲಿಯನ್ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತು, ಸುಮಾರು 50 ಲಕ್ಷ ಜನ ಅಂಚೆ ಕಚೇರಿಗಳ ಮುಂದೆ ಸಾಲುಗಟ್ಟಿ ನಿಂತರು. ಇಂದಿನ ಎ-ನಂಬರ್ ಹುಟ್ಟಿದ್ದು ಆಗ. 1942ರಲ್ಲಿ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸುವ ಆದೇಶಗಳನ್ನು ಕಂಬಗಳಿಗೂ ಗೋಡೆಗಳಿಗೂ ಅಂಟಿಸಲಾಯಿತು. ‘ಜಪಾನೀ ಮೂಲದ ಎಲ್ಲ ವ್ಯಕ್ತಿಗಳು, ಏಲಿಯನ್ ಮತ್ತು ನಾನ್-ಏಲಿಯನ್ ಇಬ್ಬರೂ’ ಎಂದು ಅವುಗಳಲ್ಲಿ ಅಚ್ಚಾಗಿತ್ತು. ನಾನ್-ಏಲಿಯನ್ ಎಂದರೆ ಯಾರು? ಅಮೆರಿಕದಲ್ಲಿ ಹುಟ್ಟಿದ, ಸಂವಿಧಾನದ ಪ್ರಕಾರ ಹುಟ್ಟಿನಿಂದಲೇ ಪೌರರಾಗಿದ್ದ ಜನ. ಶಿಬಿರಗಳಿಗೆ ಹೋದ ಸುಮಾರು 1,20,000 ಜನರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಇಂಥವರೇ. ‘ಪೌರರು’ ಎಂದು ಬರೆದಿದ್ದರೆ, ಪೌರನನ್ನು ವಿಚಾರಣೆಯಿಲ್ಲದೆ ಬಂಧಿಸುವುದು ಹೇಗೆ ಎಂಬ ಪ್ರಶ್ನೆ ಆ ಕಾಗದದಿಂದಲೇ ಏಳುತ್ತಿತ್ತು. ಆ ಪ್ರಶ್ನೆ ಏಳದಂತೆ ಪದವನ್ನು ಆರಿಸಲಾಯಿತು. ಅಧಿಕೃತ ಪದಕ್ಕೆ ಇಷ್ಟು ಶಕ್ತಿಯಿದೆ ಎಂದ ಮೇಲೆ ಅದರಿಂದ ನೋಯುವವರನ್ನು ಅತಿಸೂಕ್ಷ್ಮದವರೆಂದು ತಳ್ಳಿಹಾಕಲು ನನಗೆ ಸಾಧ್ಯವಾಗುವುದಿಲ್ಲ.

ಇನ್ನು ‘ಇಲ್ಲೀಗಲ್’, ಎಂದರೆ ಅಕ್ರಮ, ಎಂಬ ವಿಶೇಷಣ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅನ್ಯಾಯ ಮಾಡುವುದು ಇದೇ. 1952ರ ಕಾಯಿದೆಯ ವ್ಯಾಖ್ಯೆಗಳಲ್ಲಿ ‘ಏಲಿಯನ್’ ಇದೆ, ‘ಇಲ್ಲೀಗಲ್ ಏಲಿಯನ್’ ಇಲ್ಲ. ಪರವಾನಗಿಯಿಲ್ಲದೆ ಗಡಿ ದಾಟುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ ಎಂಬುದು ನಿಜ. ಆದರೆ ವೀಸಾ ಪಡೆದು ಸರಿಯಾದ ಬಾಗಿಲಿನಿಂದಲೇ ಬಂದು, ಅವಧಿ ಮುಗಿದ ಮೇಲೆ ಉಳಿದುಕೊಂಡವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗಡೀಪಾರಿಗೆ ಗುರಿಯಾಗಬಹುದಾದ ವ್ಯಕ್ತಿ ದೇಶದಲ್ಲಿ ಉಳಿದಿರುವುದು ಸಾಮಾನ್ಯವಾಗಿ ಅಪರಾಧವಲ್ಲ ಎಂದು 2012ರ ಅರಿಜೋನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ತೆರಿಗೆ ಕಟ್ಟದವನನ್ನು ಯಾರೂ ಅಕ್ರಮ ಮನುಷ್ಯ ಎಂದು ಕರೆಯುವುದಿಲ್ಲ. ವಲಸೆಯ ವಿಷಯದಲ್ಲಿ ಮಾತ್ರ ಮಾಡಿದ ಕೆಲಸಕ್ಕೆ ಸಲ್ಲಬೇಕಾದ ವಿಶೇಷಣವನ್ನು ಮಾಡಿದವನ ಮೈಗೇ ಅಂಟಿಸಲಾಗುತ್ತದೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2013ರಲ್ಲಿ ತನ್ನ ಬರವಣಿಗೆಯ ಕೈಪಿಡಿಯಿಂದ ‘ಇಲ್ಲೀಗಲ್ ಇಮಿಗ್ರಂಟ್’ ಪದವನ್ನು ಕೈಬಿಟ್ಟು, ಆ ವಿಶೇಷಣವನ್ನು ಕೃತ್ಯಕ್ಕೆ ಮಾತ್ರ ಬಳಸಬೇಕು, ವ್ಯಕ್ತಿಗೆ ಬಳಸಬಾರದು ಎಂದು ತೀರ್ಮಾನಿಸಿತು. ಪತ್ರಿಕಾವೃತ್ತಿಯ ನಿಖರತೆಯ ದೃಷ್ಟಿಯಿಂದಲೇ ಇದು ಸರಿಯಾದ ನಿರ್ಧಾರ.

ಪದದ ಪ್ರಶ್ನೆ ಅತ್ಯಂತ ತೀವ್ರವಾಗಿ ಚರ್ಚೆಯಾದದ್ದು ಗ್ರಂಥಾಲಯದಲ್ಲಿ ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಪುಸ್ತಕಗಳನ್ನು ವಿಷಯದ ಪ್ರಕಾರ ವರ್ಗೀಕರಿಸಲು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಗೊತ್ತುಮಾಡುವ ವಿಷಯ ಶೀರ್ಷಿಕೆಗಳನ್ನು ಅಮೆರಿಕದ ಸಾವಿರಾರು ಗ್ರಂಥಾಲಯಗಳಷ್ಟೇ ಅಲ್ಲದೆ ಬೇರೆ ದೇಶಗಳ ಗ್ರಂಥಾಲಯಗಳೂ ಅನುಸರಿಸುತ್ತವೆ. 1980ರಲ್ಲಿ ಅಲ್ಲಿ ‘ಏಲಿಯನ್ಸ್, ಇಲ್ಲೀಗಲ್’ ಎಂಬ ಶೀರ್ಷಿಕೆ ಸ್ಥಾಪಿತವಾಯಿತು, 1993ರಲ್ಲಿ ಅದು ‘ಇಲ್ಲೀಗಲ್ ಏಲಿಯನ್ಸ್’ ಆಯಿತು. 2014ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೆಲವು ವಿದ್ಯಾರ್ಥಿಗಳು, ಅವರಲ್ಲಿ ದಾಖಲೆಪತ್ರಗಳಿಲ್ಲದ ಕುಟುಂಬಗಳ ಮಕ್ಕಳೂ ಇದ್ದರು, ವಲಸೆಯ ಕುರಿತ ಪುಸ್ತಕಗಳನ್ನು ಹುಡುಕುವಾಗಲೆಲ್ಲ ಈ ಶೀರ್ಷಿಕೆ ಎದುರಾಗುವುದನ್ನು ಗಮನಿಸಿ, ಗ್ರಂಥಪಾಲಕರ ನೆರವಿನಿಂದ ಬದಲಾವಣೆಗೆ ಮನವಿ ಸಲ್ಲಿಸಿದರು. ವಿದ್ಯೆ ಕಲಿಯಲು ಬಂದ ಮಗು ತನ್ನ ತಂದೆತಾಯಿಯ ಬದುಕನ್ನು ಕುರಿತ ಪುಸ್ತಕ ಬೇಕೆಂದು ಹುಡುಕುವಾಗ ಯಾವ ಪದವನ್ನು ತನ್ನ ಕೈಯಿಂದ ಟೈಪ್ ಮಾಡಬೇಕು ಎಂಬುದು ಇಲ್ಲಿದ್ದ ಪ್ರಶ್ನೆ. ಮೊದಲ ಮನವಿ ತಿರಸ್ಕೃತವಾಯಿತು. ಅಮೆರಿಕದ ಗ್ರಂಥಾಲಯ ಸಂಘ ಬೆಂಬಲಕ್ಕೆ ನಿಂತ ಮೇಲೆ 2016ರ ಮಾರ್ಚಿನಲ್ಲಿ ಶೀರ್ಷಿಕೆಯನ್ನು ಬದಲಿಸುವುದಾಗಿ ಲೈಬ್ರರಿ ಪ್ರಕಟಿಸಿತು. ಆಗ ಸಂಸತ್ತಿನ ಕೆಳಮನೆಯ ಕೆಲವು ಸದಸ್ಯರು ತೀವ್ರವಾಗಿ ವಿರೋಧಿಸಿದರು, ಲೈಬ್ರರಿಯ ಅನುದಾನದ ಮಸೂದೆಯ ಸಂದರ್ಭದಲ್ಲಿ ಈ ವಿಷಯ ಎತ್ತಿದರು, ಬದಲಾವಣೆ ನಿಂತುಹೋಯಿತು. ಪುಸ್ತಕದ ವರ್ಗೀಕರಣದ ಒಂದು ಪದಕ್ಕಾಗಿ ಶಾಸನಸಭೆ ಇಷ್ಟು ಶ್ರಮಪಟ್ಟಿತು ಎಂದರೆ, ಪದದಲ್ಲಿ ಏನೂ ಇಲ್ಲ ಎಂಬ ವಾದವನ್ನು ಅದನ್ನು ಉಳಿಸಲು ಹೊರಟವರೇ ನಂಬಿರಲಿಲ್ಲ ಎಂದಾಯಿತು.

ಕೊನೆಗೆ 2021ರ ನವೆಂಬರಿನಲ್ಲಿ ಲೈಬ್ರರಿ ‘ಏಲಿಯನ್ಸ್’ ಬದಲಿಗೆ ‘ನಾನ್‌ಸಿಟಿಜನ್ಸ್’ (ಪೌರರಲ್ಲದವರು) ಎಂದೂ, ‘ಇಲ್ಲೀಗಲ್ ಏಲಿಯನ್ಸ್’ ಬದಲಿಗೆ ‘ನಾನ್‌ಸಿಟಿಜನ್ಸ್’ ಮತ್ತು ‘ಇಲ್ಲೀಗಲ್ ಇಮಿಗ್ರೇಷನ್’ ಎಂಬ ಎರಡು ಶೀರ್ಷಿಕೆಗಳನ್ನೂ ತಂದಿತು. ‘ಇಲ್ಲೀಗಲ್’ ಉಳಿದದ್ದರಿಂದ ವಿದ್ಯಾರ್ಥಿಗಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ವಿಶೇಷಣವು ಮನುಷ್ಯನಿಂದ ಬಿಡಿಸಿಕೊಂಡು ಕೃತ್ಯಕ್ಕೆ ಸರಿಯಿತು. ಇದು ಸಣ್ಣ ಬದಲಾವಣೆಯೆಂದು ನಾನು ಭಾವಿಸುವುದಿಲ್ಲ.

ನ್ಯಾಯಾಲಯಗಳಲ್ಲಿಯೂ ಪದ ನಿಧಾನವಾಗಿ ಸರಿದಿದೆ. ಸುಪ್ರೀಂ ಕೋರ್ಟಿನಲ್ಲಿ 2020ರ ಬಾರ್ಟನ್ ಪ್ರಕರಣದ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ, ಸಂಪ್ರದಾಯವಾದಿ ಎನಿಸಿಕೊಂಡವರು, ಕಾಯಿದೆಯ ‘ಏಲಿಯನ್’ ಪದಕ್ಕೆ ಸಮಾನವಾಗಿ ತಾವು ‘ನಾನ್‌ಸಿಟಿಜನ್’ ಎಂದು ಬಳಸುತ್ತೇವೆಂದು ಒಂದು ಅಡಿಟಿಪ್ಪಣಿಯಲ್ಲಿ ಹೇಳಿ ಮುಂದುವರಿದರು. ತೀರ್ಪಿನ ನಿಖರತೆಗೆ ಅದರಿಂದ ಯಾವ ಕುಂದೂ ಬರಲಿಲ್ಲ. ಆ ತೀರ್ಪು ಗಡೀಪಾರಾಗಲಿದ್ದ ವ್ಯಕ್ತಿಯ ವಿರುದ್ಧವೇ ಬಂತು ಎಂಬುದನ್ನೂ ಹೇಳಬೇಕು. ಸೌಮ್ಯವಾದ ಪದದಿಂದ ಆತನ ಗತಿ ಬದಲಾಗಲಿಲ್ಲ. ಪದ ಬದಲಾದರೆ ನ್ಯಾಯ ಸಿಕ್ಕಿತು ಎಂದು ಸಂಭ್ರಮಿಸುವವರು ಇದನ್ನು ನೆನಪಿನಲ್ಲಿಡಬೇಕು.

2021ರ ಏಪ್ರಿಲಿನಲ್ಲಿ ಬೈಡನ್ ಆಡಳಿತ ವಲಸೆ ಇಲಾಖೆಗಳ ಅಧಿಕಾರಿಗಳಿಗೆ ‘ನಾನ್‌ಸಿಟಿಜನ್’ ಪದವನ್ನು ಬಳಸುವಂತೆ ಸೂಚಿಸಿತು. 2025ರ ಜನವರಿಯಲ್ಲಿ ಟ್ರಂಪ್ ಆಡಳಿತ ಮರಳಿದಾಗ ಹಳೆಯ ಪದವೂ ಮರಳಿತು. ಆ ವರ್ಷದ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಅವರ ಕೈಕಾಲುಗಳಿಗೆ ಸರಪಳಿ ಹಾಕಿದ ದೃಶ್ಯವನ್ನು ಅಲ್ಲಿನ ಗಡಿ ಗಸ್ತು ಪಡೆಯ ಮುಖ್ಯಸ್ಥರೇ ಸಾಮಾಜಿಕ ಜಾಲತಾಣದಲ್ಲಿ ಪ್ರಕಟಿಸಿ, ಇಲ್ಲೀಗಲ್ ಏಲಿಯನ್ನರನ್ನು ಯಶಸ್ವಿಯಾಗಿ ಭಾರತಕ್ಕೆ ಮರಳಿಸಿದೆವು ಎಂದು ಬರೆದರು. ಅವರಲ್ಲಿ ಹೆಂಗಸರೂ ಇದ್ದರು, ಮಕ್ಕಳೂ ಇದ್ದರು. ದೇಶದಿಂದ ಹೊರಹಾಕುವ ಅಧಿಕಾರ ಆ ಸರ್ಕಾರಕ್ಕೆ ಇದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಸರಪಳಿಯ ಚಿತ್ರವನ್ನು ಹೆಮ್ಮೆಯಿಂದ ತೋರಿಸುವುದು ಸಾಧ್ಯವಾದದ್ದು, ಚಿತ್ರದಲ್ಲಿರುವವರನ್ನು ಮೊದಲೇ ಆ ಎರಡು ಪದಗಳೊಳಗೆ ಸೇರಿಸಿ ಇಟ್ಟಿದ್ದರಿಂದ.

ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಲ್ಲಿ ಕೆಲವರು ನನ್ನೊಡನೆ ಈ ವಿಷಯದಲ್ಲಿ ಒಪ್ಪುವುದಿಲ್ಲ. ‘ನಾವು ಸರದಿಯಲ್ಲಿ ನಿಂತು, ತೆರಿಗೆ ಕಟ್ಟಿ, ವಕೀಲರಿಗೆ ಹಣ ಸುರಿದು ಕಾನೂನುಬದ್ಧವಾಗಿ ಇದ್ದೇವೆ. ಆ ಪದ ನಮ್ಮನ್ನು ಕುರಿತದ್ದಲ್ಲ’ ಎನ್ನುತ್ತಾರೆ. ಗ್ರೀನ್ ಕಾರ್ಡಿಗಾಗಿ ಹತ್ತು ಹದಿನೈದು ವರ್ಷ ಕಾಯುತ್ತಿರುವವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಕಾನೂನು ಈ ವ್ಯತ್ಯಾಸವನ್ನು ಅವರಷ್ಟು ಖಚಿತವಾಗಿ ಮಾಡುವುದಿಲ್ಲ. 2025ರ ಏಪ್ರಿಲಿನಿಂದ ಅಲ್ಲಿನ ಸರ್ಕಾರ 1940ರ ನೋಂದಣಿ ನಿಯಮಗಳನ್ನು ಮತ್ತೆ ಬಿಗಿಗೊಳಿಸಿದೆ. ಹದಿನೆಂಟು ತುಂಬಿದ ಪ್ರತಿಯೊಬ್ಬ ಪೌರನಲ್ಲದವನು, ಎಚ್-1ಬಿ ಇರಲಿ ಗ್ರೀನ್ ಕಾರ್ಡ್ ಇರಲಿ, ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಸಂಜೆ ದಿನಸಿ ತರಲು ಹೊರಟ ನಮ್ಮ ಹುಡುಗನಿಗೂ ಈ ನಿಯಮ ಅನ್ವಯಿಸುತ್ತದೆ. ಸೈನಿಕನಾಗಿದ್ದ ಥಿಂಡ್, ವ್ಯಾಪಾರಿಯಾಗಿದ್ದ ಬಗಾಯಿ ಇಬ್ಬರೂ ಕಾನೂನುಬದ್ಧವಾಗಿಯೇ ಇದ್ದವರು.

ನಮ್ಮ ನೆಲದತ್ತಲೂ ಒಮ್ಮೆ ನೋಡಬೇಕು. ಭಾರತದ 1946ರ ವಿದೇಶೀಯರ ಕಾಯಿದೆಯಾಗಲಿ, ಅದರ ಸ್ಥಾನದಲ್ಲಿ ಬಂದ 2025ರ ವಲಸೆ ಮತ್ತು ವಿದೇಶೀಯರ ಕಾಯಿದೆಯಾಗಲಿ, ಪೌರನಲ್ಲದವರನ್ನೆಲ್ಲ ‘ವಿದೇಶೀಯ’ ಎಂಬ ಒಂದೇ ಹೆಸರಿನಡಿ ತರುತ್ತವೆ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. ಬೈಲುಕುಪ್ಪೆಗೆ ಟಿಬೆಟನ್ನರು ಬಂದು ಅರವತ್ತು ವರ್ಷಗಳ ಮೇಲಾಯಿತು. ಅಲ್ಲಿಯೇ ಹುಟ್ಟಿ, ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲಿ ವ್ಯಾಪಾರ ಮಾಡುವ ಯುವಕ ಕಾಲಕಾಲಕ್ಕೆ ವಿದೇಶೀಯನೆಂಬ ನೋಂದಣಿ ಪತ್ರವನ್ನು ನವೀಕರಿಸಿಕೊಳ್ಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಟಿಬೆಟನ್ ಮಹಿಳೆಯೊಬ್ಬರ ಪ್ರಕರಣದಲ್ಲಿ ಹೇಳಿತು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದೇ ಹಾದಿಯಲ್ಲಿ ತೀರ್ಪಿತ್ತಿತು. ಹುಟ್ಟಿದ ಊರಿನಲ್ಲಿಯೇ ವಿದೇಶೀಯ ಎನಿಸಿಕೊಳ್ಳುವುದು ಹೇಗಿರುತ್ತದೆ ಎಂದು ಕೇಳಲು ನಾವು ಅಮೆರಿಕದವರೆಗೆ ಹೋಗಬೇಕಾಗಿಲ್ಲ, ಪಿರಿಯಾಪಟ್ಟಣ ತಾಲ್ಲೂಕಿಗೆ ಹೋದರೆ ಸಾಕು.

ಇಲ್ಲಿಯವರೆಗಿನದು ನಾನು ಸಭೆಯಲ್ಲಿ ಮಾಡಿದ ಉಪನ್ಯಾಸ. ಅದರ ನಂತರ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಅಲ್ಲಿ ಸಮಯ ಸಾಲದೆ ಸಂಕ್ಷಿಪ್ತವಾಗಿ ಉತ್ತರಿಸಿದ್ದೆ, ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಂದು ಏಲಿಯನ್ ತೆಗೆದು ನಾನ್‌ಸಿಟಿಜನ್ ಇಟ್ಟರೆ, ಜನರ ಮನಸ್ಸಿನ ತಿರಸ್ಕಾರ ಹಾಗೆಯೇ ಇದ್ದಾಗ, ಆ ಹೊಸ ಪದವೂ ನಾಳೆ ಬೈಗುಳವಾಗುವುದಿಲ್ಲವೇ ಎಂಬುದು ಪ್ರಶ್ನೆ. ಆಗಬಹುದು. ಆದರೆ ಈ ಎರಡು ಪದಗಳ ನಡುವೆ ಒಂದು ವ್ಯತ್ಯಾಸವಿದೆ. ಪೌರನಲ್ಲದವನು ಎಂದಾಗ, ಪೌರತ್ವ ಎಂಬ ಒಂದು ಸ್ಥಾನಮಾನ ಈತನಿಗೆ ಇಲ್ಲ ಎಂದು ತಿಳಿಯುತ್ತದೆ, ಯಾಕೆ ಇಲ್ಲ, ಯಾರು ಕೊಡಲಿಲ್ಲ, ಮುಂದೆ ಸಿಗಬಹುದೇ ಎಂದು ಕೇಳಲು ದಾರಿಯಿರುತ್ತದೆ. ಏಲಿಯನ್ ಎಂದಾಗ ಆ ಕೊರತೆಯೇ ಆ ಮನುಷ್ಯನ ಸ್ವಭಾವವಾಗಿಬಿಡುತ್ತದೆ, ಕೇಳಲು ಏನೂ ಉಳಿಯುವುದಿಲ್ಲ. 1952ರ ಕಾಯಿದೆಯ ಉದ್ದಕ್ಕೂ ಈ ಪದವನ್ನು ಬದಲಿಸುವ ಪ್ರಸ್ತಾಪ 2021ರಲ್ಲಿ ಬೈಡನ್ ಆಡಳಿತ ಮುಂದಿಟ್ಟ ಮಸೂದೆಯಲ್ಲಿತ್ತು, ಅದು ಅಂಗೀಕಾರವಾಗಲಿಲ್ಲ. ಕ್ಯಾಲಿಫೋರ್ನಿಯಾ ಮಾತ್ರ 2015ರಲ್ಲಿ ತನ್ನ ಕಾರ್ಮಿಕ ಸಂಹಿತೆಯಿಂದಲೂ 2021ರಲ್ಲಿ ಇತರ ಕಾನೂನುಗಳಿಂದಲೂ ಆ ಪದವನ್ನು ತೆಗೆದುಹಾಕಿತು. 1913ರಲ್ಲಿ ‘ಅನರ್ಹ ಏಲಿಯನ್’ ಎಂಬ ನುಡಿಗಟ್ಟಿನಿಂದ ಜನರ ಭೂಮಿ ಕಿತ್ತುಕೊಂಡ ರಾಜ್ಯವೇ ಇದನ್ನು ಮಾಡಿದೆ.

ಅದೇ ಹಿರಿಯರು, ಕನ್ನಡದಲ್ಲಿ ಬರೆಯುವ ನಾವು ಏನು ಮಾಡಬೇಕು ಎಂದೂ ಕೇಳಿದ್ದರು. ನಮ್ಮ ಪತ್ರಿಕೆಗಳು ‘ಅಕ್ರಮ ವಲಸಿಗ’, ‘ನುಸುಳುಕೋರ’ ಎಂಬ ಪದಗಳನ್ನು ಯೋಚಿಸದೆ ಬಳಸುತ್ತವೆ. ಅಮೃತಸರದಲ್ಲಿ ಇಳಿದವರ ಬಗ್ಗೆ ಬರೆಯುವಾಗ ‘ಪರವಾನಗಿಯಿಲ್ಲದೆ ಗಡಿ ದಾಟಿದವರು’ ಅಥವಾ ‘ವೀಸಾ ಅವಧಿ ಮುಗಿದರೂ ಉಳಿದವರು’ ಎಂದು ಬರೆಯಲು ತಲೆಬರಹದಲ್ಲಿ ಎರಡು ಪದಗಳ ಜಾಗ ಹೆಚ್ಚು ಬೇಕಾಗುತ್ತದೆ. ಹಾಗೆ ಬರೆಯಬೇಕಾದರೆ ಅವರಲ್ಲಿ ಯಾರು ಹೇಗೆ ಹೋಗಿದ್ದರು ಎಂದು ವರದಿಗಾರ ಮೊದಲು ವಿಚಾರಿಸಿಕೊಳ್ಳಬೇಕಾಗುತ್ತದೆ. ಆ ವಿಚಾರಣೆಯನ್ನು ನಾವು ವರದಿಗಾರರಿಂದ ನಿರೀಕ್ಷಿಸಬೇಕು ಎಂದು ಅವರಿಗೆ ಉತ್ತರಿಸಿದೆ.